ಅಪ್‌ಸೆಟ್ ಆದವರು ಯಾರು?

2011ರ ಮಾರ್ಚ್ 2ರ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐರ್ಲೆಂಡ್ ತಂಡ ಇಂಗ್ಲೆಂಡನ್ನು ಸೋಲಿಸಿತು. ವಿಶ್ವಕಪ್ ಪಂದ್ಯ. ಮೊದಲು ಆಡಿದ ಇಂಗ್ಲೆಂಡ್ 8 ವಿಕೆಟ್‌ಗೆ 327 ರನ್ ಪೇರಿಸಿತ್ತು. ಬೆನ್ನಟ್ಟಲು ಹೊರಟ ಐರ್ಲೆಂಡ್ ಮೊದಲ ಎಸೆತಕ್ಕೇ ತನ್ನ ನಾಯಕನನ್ನು ಕಳೆದುಕೊಂಡಿತು. 111 ರನ್ ಆಗುವಷ್ಟರಲ್ಲಿ ಅರ್ಧ ತಂಡ ಪೆವಿಲಿಯನ್ ಸೇರಿತ್ತು. ಆಟ ಮುಗಿದಂತೆಯೇ ಎಂದು ಕೆಲವರು ಎದ್ದು ಹೊರಡುವ ಹೊತ್ತಿಗೆ, ಕೂದಲಿಗೆ ಗುಲಾಬಿ ಬಣ್ಣ ಬಳಿದುಕೊಂಡಿದ್ದ ಕೆವಿನ್ ಓ'ಬ್ರಯನ್ ಬೀಸತೊಡಗಿದ. 50 ಎಸೆತಗಳಲ್ಲಿ ನೂರು. ವಿಶ್ವಕಪ್ಪಿನಲ್ಲಿ ಅಲ್ಲಿಯವರೆಗೆ ಅಷ್ಟು ಬೇಗ ಯಾರೂ ನೂರು ಹೊಡೆದಿರಲಿಲ್ಲ. ಇನ್ನೂ 5 ಎಸೆತ ಉಳಿದಿರುವಾಗಲೇ ಐರ್ಲೆಂಡ್ 3 ವಿಕೆಟ್‌ಗಳಿಂದ ಗೆದ್ದಿತು.

ಇಂಥ ಫಲಿತಾಂಶಕ್ಕೆ ಇಂಗ್ಲಿಷ್ ಕ್ರೀಡಾ ವರದಿಗಾರರ ಬತ್ತಳಿಕೆಯಲ್ಲಿ ಒಂದು ಪದ ಸದಾ ಸಿದ್ಧವಾಗಿರುತ್ತದೆ: ಅಪ್‌ಸೆಟ್. ‘ಐರ್ಲೆಂಡ್ ಅಪ್‌ಸೆಟ್ ಇಂಗ್ಲೆಂಡ್’ ಎಂದು ಬರೆದರೆ ಗೆದ್ದವರು ಯಾರು, ಸೋತವರು ಯಾರು ಎಂಬುದು ಮೂರೇ ಪದಗಳಲ್ಲಿ ಮುಗಿಯಿತು. ಅದೇ ರಾತ್ರಿ ಇಂಗ್ಲೆಂಡಿನ ಅಭಿಮಾನಿಗಳ ಬಗ್ಗೆ ‘ದೆ ವರ್ ಅಪ್‌ಸೆಟ್’ ಎಂದರೂ ಸರಿಯೇ. ಮೊದಲ ವಾಕ್ಯದಲ್ಲಿ ಅಪ್‌ಸೆಟ್ ಮಾಡಿದವರು ಕುಣಿಯುತ್ತಿದ್ದಾರೆ, ಎರಡನೆಯದರಲ್ಲಿ ಅಪ್‌ಸೆಟ್ ಆದವರು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ. ಪದದ ರೂಪ ಮಾತ್ರ ಎಳ್ಳಷ್ಟೂ ಬದಲಾಗಿಲ್ಲ.

ಇಂಗ್ಲಿಷ್ ಕಲಿಯುವ ಕನ್ನಡದ ಮಕ್ಕಳು ತಡವರಿಸುವುದು ಇಲ್ಲೇ. ಕಟ್, ಪುಟ್, ಹಿಟ್, ಸೆಟ್ ಮುಂತಾದ ಕ್ರಿಯಾಪದಗಳ ಹಾಗೆ ಇದೂ ಮೂರು ಕಾಲಕ್ಕೂ ಒಂದೇ ಬಟ್ಟೆ ತೊಡುತ್ತದೆ. ನಿನ್ನೆ ಆದದ್ದಕ್ಕೆ ‘ಅಪ್‌ಸೆಟೆಡ್’ ಎನ್ನುವಂತಿಲ್ಲ. ಇನ್ನು ‘ಅಪ್‌ಸೆಟ್ಟಿಂಗ್’ ಎಂಬುದು ನೋವು ಕೊಡುವ ಸುದ್ದಿಗೆ ಸಲ್ಲುತ್ತದೆಯೇ ಹೊರತು ನೋವು ತಿಂದ ಮನುಷ್ಯನಿಗಲ್ಲ. ‘ದ ನ್ಯೂಸ್ ಈಸ್ ಅಪ್‌ಸೆಟ್ಟಿಂಗ್, ಐ ಆಮ್ ಅಪ್‌ಸೆಟ್.’ ಇದನ್ನು ತಿರುವುಮುರುವು ಮಾಡಿ ‘ಐ ಆಮ್ ಅಪ್‌ಸೆಟ್ಟಿಂಗ್’ ಎಂದುಬಿಟ್ಟರೆ, ಹೇಳಿದವರು ತಾವೇ ಊರಿಗೆಲ್ಲ ಕಿರಿಕಿರಿ ಎಂದು ಒಪ್ಪಿಕೊಂಡ ಹಾಗಾಗುತ್ತದೆ. ‘ಐ ಆಮ್ ಬೋರಿಂಗ್’ ಎನ್ನುವವರ ಪಾಡೂ ಇದೇ.

ಅದಕ್ಕಿಂತ ದೊಡ್ಡ ತೊಡಕು ಪದದ ಹಿಂದೆ ಬರುವ ಬಾಲದ್ದು. ವ್ಯಕ್ತಿಯ ವಿಷಯಕ್ಕಾದರೆ ‘ಅಪ್‌ಸೆಟ್ ವಿತ್’. ನಡೆದ ಸಂಗತಿಗಾದರೆ ‘ಅಪ್‌ಸೆಟ್ ಅಬೌಟ್’ ಅಥವಾ ‘ಅಪ್‌ಸೆಟ್ ಓವರ್’. ನೋವಿಗೆ ಕಾರಣವಾದ ಒಂದು ಮಾತನ್ನೋ ಸುದ್ದಿಯನ್ನೋ ಬೊಟ್ಟುಮಾಡಿ ತೋರಿಸುವಾಗ ‘ಅಪ್‌ಸೆಟ್ ಬೈ’. ಕಾರಣವೇ ಒಂದು ಇಡೀ ವಾಕ್ಯವಾಗಿದ್ದರೆ ‘ಅಪ್‌ಸೆಟ್ ದಟ್’. ‘ಶಿ ಈಸ್ ಅಪ್‌ಸೆಟ್ ವಿತ್ ಹರ್ ಬ್ರದರ್’ ಎಂದರೆ ಅಣ್ಣ ಏನೋ ಮಾಡಿದ್ದಾನೆ. ‘ಶಿ ಈಸ್ ಅಪ್‌ಸೆಟ್ ಅಬೌಟ್ ಹರ್ ಬ್ರದರ್’ ಎಂದರೆ ಅಣ್ಣನಿಗೇ ಏನೋ ಆಗಿದೆ. ಮೊದಲನೆಯದಕ್ಕೆ ರಾಜಿ ಮಾಡಿಸಲು ಹೋಗಬೇಕು, ಎರಡನೆಯದಕ್ಕೆ ಆಸ್ಪತ್ರೆಗೆ ಹಣ್ಣು ಹಿಡಿದು ಹೋಗಬೇಕು. ಎರಡರ ನಡುವೆ ಇರುವುದು ಒಂದು ಸಣ್ಣ ಪದದ ಅಂತರ.

ಕನ್ನಡಿಗರು ಇಲ್ಲಿ ‘ಅಪ್‌ಸೆಟ್ ಆನ್ ಹಿಮ್’, ‘ಆಂಗ್ರಿ ಆನ್ ಮೀ’ ಎನ್ನುವುದುಂಟು. ಇದು ಅಜ್ಞಾನವಲ್ಲ, ಕನ್ನಡದ ತರ್ಕ. ಕನ್ನಡದಲ್ಲಿ ಕೋಪ ಒಬ್ಬರ ಮೇಲೆ ಬರುತ್ತದೆ, ಮುನಿಸು ಒಬ್ಬರ ಮೇಲೆ ಇರುತ್ತದೆ, ಬೇಜಾರೂ ಹಾಗೆಯೇ. ಇಂಗ್ಲಿಷ್ ಮನುಷ್ಯ ಮಾತ್ರ ಯಾರ ಮೇಲೆ ಕೆಂಡ ಕಾರಬೇಕೋ ಅವರನ್ನು ಜೊತೆಗಿಟ್ಟುಕೊಂಡೇ ಸಿಟ್ಟಾಗುತ್ತಾನೆ.

ಹೀಗಾದರೂ ಪದದ ಅರ್ಥವೇನು ಎಂದು ಕೇಳಿದರೆ ಶಬ್ದಕೋಶ ಪೂರ್ತಿ ಸಹಾಯಕ್ಕೆ ಬರುವುದಿಲ್ಲ. ಸಾವಿನ ಮನೆಯಲ್ಲಿ ತಾಯಿ ಅಪ್‌ಸೆಟ್ ಆಗಿದ್ದಾಳೆ ಎಂದರೆ ಅಳುತ್ತಿದ್ದಾಳೆ. ಬ್ಯಾಂಕಿನ ಕೌಂಟರಿನ ಮುಂದೆ ಗ್ರಾಹಕ ಅಪ್‌ಸೆಟ್ ಆಗಿದ್ದಾನೆ ಎಂದರೆ ಕೂಗಾಡುತ್ತಿದ್ದಾನೆ. ದುಃಖ, ಸಿಟ್ಟು, ಅವಮಾನ, ಗಾಬರಿ ಇವುಗಳಲ್ಲಿ ಯಾವುದು ಎಷ್ಟು ಪಾಲು ಎಂಬುದನ್ನು ಪದ ಹೇಳುವುದಿಲ್ಲ, ಸಂದರ್ಭ ಹೇಳಬೇಕು. ಈ ಮಸುಕೇ ಅದರ ಬಂಡವಾಳ. ಬೆಂಗಳೂರಿನ ಕಾಲ್‌ಸೆಂಟರುಗಳಲ್ಲಿ ಅಮೆರಿಕದ ಗ್ರಾಹಕರ ಬೈಗುಳ ಕೇಳುತ್ತಾ ರಾತ್ರಿ ಕಳೆದ ಹುಡುಗ ಹುಡುಗಿಯರಿಗೆ ಇದು ಚೆನ್ನಾಗಿ ಗೊತ್ತು. ‘ಯೂ ಆರ್ ಆಂಗ್ರಿ’ ಎಂದರೆ ಆರೋಪ. ‘ಐ ಅಂಡರ್‌ಸ್ಟ್ಯಾಂಡ್ ವೈ ಯೂ ಆರ್ ಅಪ್‌ಸೆಟ್’ ಎಂದರೆ ಸಮಾಧಾನ. ಕೋಪಿಷ್ಠನಿಗೆ ಕೋಪ ಬಂದಿದೆ ಎಂದು ಅವನ ಮುಖಕ್ಕೇ ಹೇಳದೆ, ಹೇಳಿದ ಹಾಗೂ ಮಾಡುವ ಜಾಣತನ ಇದು.

ಕಚೇರಿಯ ಮೇಲಧಿಕಾರಿಗಳಿಗೂ ಈ ಪದ ಪ್ರಿಯ. ‘ಐ ಆಮ್ ಕ್ವೈಟ್ ಅಪ್‌ಸೆಟ್ ಅಬೌಟ್ ದಿಸ್ ರಿಪೋರ್ಟ್’ ಎಂದು ಮಿಂಚಂಚೆ ಬಂದರೆ ಕೂಗಾಟವೂ ಇಲ್ಲ, ಕ್ಷಮೆಯೂ ಇಲ್ಲ. ಸಿಟ್ಟನ್ನು ನೋವಿನ ವೇಷದಲ್ಲಿ ಕಳಿಸುವ ಇಂಥ ವಾಕ್ಯಗಳಿಗಿಂತ ನೇರವಾದ ಗದರಿಕೆಯೇ ಎಷ್ಟೋ ವಾಸಿ.

ಇದರ ಪಕ್ಕದಲ್ಲೇ ‘ಫೆಡಪ್’ ಎಂಬ ಇನ್ನೊಂದು ಮಾತಿದೆ. ಇವೆರಡರಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲಾಗದು. ಅಪ್‌ಸೆಟ್ ಎಂಬುದು ಇವತ್ತಿನದು, ಇದೀಗ ತಗುಲಿದ ಪೆಟ್ಟು. ಫೆಡಪ್ ಆಗಲು ಕಾಲ ಬೇಕು. ಅದು ತಿಂದು ತಿಂದು ಇನ್ನು ಸಾಕು ಎನಿಸಿದ ಸ್ಥಿತಿ. ನಿನ್ನೆ ಸಂಜೆ ಕಾರಿಗೆ ಯಾರೋ ಗೀರು ಎಳೆದರೆ ಅಪ್‌ಸೆಟ್. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನ ದಟ್ಟಣೆಯಲ್ಲಿ ವರ್ಷಗಟ್ಟಲೆ ನಿಂತರೆ ಫೆಡಪ್. ಇದಕ್ಕೂ ‘ವಿತ್’ ಬಾಲವೇ ಶಿಷ್ಟವಾದದ್ದು. ‘ಫೆಡಪ್ ಆಫ್’ ಎಂಬ ರೂಪ ಬ್ರಿಟನ್ನಿನಲ್ಲೇ ಈಚೆಗೆ ಹೆಚ್ಚು ಕೇಳಿಬರುತ್ತಿದ್ದರೂ ನಿಘಂಟುಕಾರರು ಇನ್ನೂ ಪೂರ್ತಿ ಒಳಗೆ ಬಿಟ್ಟುಕೊಂಡಿಲ್ಲ.

ಅಪ್‌ಸೆಟ್ ಪದದ ಚರಿತ್ರೆ ಅದರ ಇಂದಿನ ಅರ್ಥಕ್ಕೆ ಪೂರಾ ವಿರುದ್ಧ ದಿಕ್ಕಿನಲ್ಲಿ ಶುರುವಾಗುತ್ತದೆ. 15ನೆಯ ಶತಮಾನದ ಇಂಗ್ಲಿಷಿನಲ್ಲಿ ಅದಕ್ಕೆ ಎತ್ತಿ ನಿಲ್ಲಿಸು, ಸ್ಥಾಪಿಸು ಎಂಬ ಅರ್ಥವಿತ್ತು. ಅಪ್ ಎಂದರೆ ಮೇಲೆ, ಸೆಟ್ ಎಂದರೆ ಇಡು, ನೇರ ಲೆಕ್ಕ. ಅದು ಮಗುಚು, ಬುಡಮೇಲು ಮಾಡು ಎಂದಾದದ್ದು ಆಮೇಲೆ. ದೋಣಿಗಳೂ ಗಾಡಿಗಳೂ ಮಗುಚಿದ ಮೇಲೆ, 19ನೆಯ ಶತಮಾನದ ಮೊದಲ ದಶಕದ ಹೊತ್ತಿಗೆ ಮನಸ್ಸೂ ಮಗುಚತೊಡಗಿತು. ‘ಅಪ್‌ಸೆಟ್ ದಿ ಆಪಲ್ ಕಾರ್ಟ್’, ಅಂದರೆ ಹಣ್ಣಿನ ಗಾಡಿ ಉರುಳಿಸುವುದು ಎಂಬ ನುಡಿಗಟ್ಟಿನಿಂದ ಬರ್ನಾರ್ಡ್ ಶಾ ತನ್ನ ‘ದಿ ಆಪಲ್ ಕಾರ್ಟ್’ ನಾಟಕಕ್ಕೆ ಹೆಸರು ಪಡೆದ. ಅದು ಮೊದಲು ರಂಗಕ್ಕೆ ಬಂದದ್ದು 1929ರಲ್ಲಿ, ವಾರ್ಸಾದಲ್ಲಿ.

ಎತ್ತಿ ನಿಲ್ಲಿಸುವ ಹಳೆಯ ಅರ್ಥ ಸತ್ತುಹೋಯಿತೇ? ಇಲ್ಲ, ಅದು ನಮ್ಮ ಸರಕಾರಿ ಹರಾಜುಗಳಲ್ಲಿ ಬದುಕಿದೆ. ಸ್ಕಾಟ್ಲೆಂಡಿನ ಹರಾಜಿನ ಪರಿಭಾಷೆಯಲ್ಲಿ ‘ಅಪ್‌ಸೆಟ್ ಪ್ರೈಸ್’ ಎಂದರೆ ಸವಾಲಿಗೆ ಎತ್ತಿ ನಿಲ್ಲಿಸುವ ಕನಿಷ್ಠ ಬೆಲೆ. ಅದಕ್ಕಿಂತ ಕೆಳಗೆ ಮಾಲು ಬಿಡುವಂತಿಲ್ಲ. ಭಾರತದಲ್ಲಿ ಕೋರ್ಟಿನ ಹರಾಜು, ಮರಮುಟ್ಟಿನ ಹರಾಜುಗಳ ಪ್ರಕಟಣೆಗಳಲ್ಲಿ ಈ ಪ್ರಯೋಗ ಈಗಲೂ ಸಿಗುತ್ತದೆ. ಅಲ್ಲಿ ಯಾರಿಗೂ ಬೇಸರವಾಗಿರುವುದಿಲ್ಲ, ಬೆಲೆ ನೋಡಿದ ಮೇಲೆ ಕೊಳ್ಳುವವರಿಗೆ ಆದರೆ ಆದೀತು. ಐಟಿಐ ಕಾರ್ಯಾಗಾರದಲ್ಲಿ ಕಮ್ಮಾರಿಕೆ ಕಲಿತವರಿಗೆ ‘ಅಪ್‌ಸೆಟ್ಟಿಂಗ್’ ಎಂದರೆ ಕಾದ ಕಬ್ಬಿಣದ ತುದಿಯನ್ನು ಉದ್ದಕ್ಕೆ ಒತ್ತಿ ಬಡಿದು ದಪ್ಪ ಮಾಡುವ ಕೆಲಸ. ಬೋಲ್ಟಿನ ತಲೆ ಹುಟ್ಟುವುದು ಹಾಗೆ. ವಕೀಲರಿಗೆ ಮೇಲಿನ ನ್ಯಾಯಾಲಯ ಕೆಳಗಿನ ನ್ಯಾಯಾಲಯದ ತೀರ್ಮಾನವನ್ನು ‘ಅಪ್‌ಸೆಟ್’ ಮಾಡುವುದು ದಿನನಿತ್ಯದ ಸಂಗತಿ. ವೈದ್ಯರ ಮುಂದೆ ಅದು ಹೊಟ್ಟೆಗೆ ಬಂದು ಕೂರುತ್ತದೆ. ಅಮೆರಿಕದವರು ‘ಅಪ್‌ಸೆಟ್ ಸ್ಟಮಕ್’ ಎಂದರೆ ನಮ್ಮವರು ಹಿಂದುಮುಂದು ಮಾಡಿ ‘ಸ್ಟಮಕ್ ಅಪ್‌ಸೆಟ್’ ಎನ್ನುತ್ತಾರೆ. ಎರಡೂ ಕಡೆ ಹೊಟ್ಟೆಯ ಪಾಡು ಒಂದೇ.

ಕ್ರೀಡೆಯ ಅಪ್‌ಸೆಟ್‌ಗೆ ಒಂದು ಕುದುರೆಯ ಕಥೆ ಅಂಟಿಕೊಂಡಿದೆ. ಅಮೆರಿಕದ ಮ್ಯಾನ್ ಓ' ವಾರ್ ಎಂಬ ಕುದುರೆ ತನ್ನ ಬಾಳಿನಲ್ಲಿ 21 ಸಲ ಓಡಿ 20 ಸಲ ಗೆದ್ದಿತು. ಸೋತ ಆ ಒಂದು ಓಟ ನಡೆದದ್ದು 1919ರ ಆಗಸ್ಟ್ 13ರಂದು, ನ್ಯೂಯಾರ್ಕ್ ರಾಜ್ಯದ ಸಾರಟೋಗದಲ್ಲಿ. ಅದನ್ನು ಸೋಲಿಸಿದ ಕುದುರೆಯ ಹೆಸರೇ ಅಪ್‌ಸೆಟ್! ಇದರಿಂದಲೇ ಅನಿರೀಕ್ಷಿತ ಸೋಲಿಗೆ ಆ ಹೆಸರು ಬಂತು ಎಂದು ದಶಕಗಟ್ಟಲೆ ಜನ ನಂಬಿದರು, ಬರೆದರು, ರಸಪ್ರಶ್ನೆಗಳಲ್ಲಿ ಅಂಕ ಪಡೆದರು. ಕಥೆ ಸೊಗಸಾಗಿದೆ, ಆದರೆ ನಿಲ್ಲುವುದಿಲ್ಲ. ಹಳೆಯ ಪತ್ರಿಕೆಗಳ ಕಡತ ತಡಕಿದವರಿಗೆ 1877ರ ನ್ಯೂಯಾರ್ಕ್ ಟೈಮ್ಸ್‌ನಲ್ಲೇ, ಕುದುರೆ ಪಂದ್ಯದ ವರದಿಯಲ್ಲೇ, ಅದೇ ಅರ್ಥದಲ್ಲಿ ಆ ಪದ ಸಿಕ್ಕಿತು. ಅಂದರೆ ಕುದುರೆಯಿಂದ ಪದ ಹುಟ್ಟಲಿಲ್ಲ. ಹೆಸರಿಗೆ ತಕ್ಕ ಕೆಲಸವನ್ನು ಕುದುರೆ ಒಂದೇ ಒಂದು ಸಲ ಮಾಡಿತು, ಅಷ್ಟೆ.

ಅಚ್ಚಿನಲ್ಲಿ ಕಾಣದೆ ಕಿವಿಗೆ ಮಾತ್ರ ಸಿಗುವ ಸಂಗತಿಯೊಂದು ಇಲ್ಲಿದೆ. ಇಂಗ್ಲಿಷಿನವರು ಫಲಿತಾಂಶದ ಅಪ್‌ಸೆಟ್ ಅನ್ನು, ಅಂದರೆ ನಾಮಪದವನ್ನು, ‘ಅಪ್’ ಮೇಲೆ ಒತ್ತು ಹಾಕಿ ಹೇಳುತ್ತಾರೆ. ಮನಸ್ಸು ಕೆಟ್ಟ ಅಪ್‌ಸೆಟ್ ಆದರೆ ಒತ್ತು ‘ಸೆಟ್’ ಮೇಲೆ ಬೀಳುತ್ತದೆ. ಕನ್ನಡದಲ್ಲಿ ಹೀಗೆ ಒತ್ತಿನಿಂದ ಅರ್ಥ ಬದಲಾಗುವ ಪದ್ಧತಿ ಇಲ್ಲ. ಅದಕ್ಕೇ ಕನ್ನಡಿಗರು ಎರಡನ್ನೂ ಒಂದೇ ಸಮನೆ ನುಡಿಯುತ್ತಾರೆ. ಅರ್ಥ ಕೆಡುವುದಿಲ್ಲ, ಆದರೆ ಕೇಳುವ ಪರದೇಶದವರು ಒಂದು ಕ್ಷಣ ತಡೆದು ನಿಲ್ಲುತ್ತಾರೆ. ಇದನ್ನು ಕಲಿಸಲು ಕರಿಹಲಗೆಗಿಂತ ಬಾನುಲಿಯೇ ತಕ್ಕ ಸಾಧನ. ಮೈಸೂರಿನಲ್ಲಿ 1935ರಲ್ಲಿ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮನಸ್ಸನ್ನೂ ದನಿಯನ್ನೂ ಒಟ್ಟಿಗೆ ಬಲ್ಲ ಅಂಥವರ ಕೈಯಲ್ಲಿ ಈ ಪಾಠ ಇನ್ನೂ ರುಚಿಕಟ್ಟಾಗುತ್ತಿತ್ತೇನೋ.

ಇಷ್ಟೆಲ್ಲ ಇಂಗ್ಲಿಷಿನ ಕಥೆ. ಪದ ಕನ್ನಡದ ವಾಕ್ಯದೊಳಕ್ಕೆ ಕಾಲಿಟ್ಟಾಗ ನಡೆಯುವುದು ಇನ್ನೂ ಸ್ವಾರಸ್ಯದ್ದು.

ಕನ್ನಡದವರು ತಮ್ಮ ಭಾವನೆಗಳಿಗೆ ಬಹುಮಟ್ಟಿಗೆ ತಾವು ಕರ್ತೃಗಳಲ್ಲ. ನನಗೆ ಸಿಟ್ಟು ಬಂತು, ನನಗೆ ಬೇಸರವಾಯಿತು, ಅವಳಿಗೆ ಸಂಕಟವಾಗಿದೆ, ಅವರಿಗೆ ಕಸಿವಿಸಿಯಾಯಿತು. ಸಿಟ್ಟು ಎಲ್ಲಿಂದಲೋ ಬರುತ್ತದೆ, ಬೇಸರ ತಾನಾಗಿ ಆಗುತ್ತದೆ. ಮನುಷ್ಯ ಅದು ಬಂದು ಇಳಿಯುವ ಜಾಗ ಮಾತ್ರ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಅನುಭವಿಸುವವರಿಗೆ ಚತುರ್ಥಿ ವಿಭಕ್ತಿ. ಹಿಂದಿಯ ‘ಮುಝೇ’, ತಮಿಳಿನ ‘ಎನಕ್ಕು’, ತೆಲುಗಿನ ‘ನಾಕು’ ಮಾಡುವುದೂ ಇದೇ ಕೆಲಸವನ್ನು. ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಸ್.ಎನ್. ಶ್ರೀಧರ್ 1979ರಲ್ಲಿ ಈ ಬಗೆಯ ವಾಕ್ಯಗಳ ಮೇಲೆ ಬರೆದ ಲೇಖನ ಭಾಷಾವಿಜ್ಞಾನಿಗಳಿಗೆ ಪರಿಚಿತ. ಇಂಥ ವಾಕ್ಯದಲ್ಲಿ ಕರ್ತೃ ನಿಜಕ್ಕೂ ಯಾರು ಎಂಬ ಪ್ರಶ್ನೆ, ಮೇಲುನೋಟಕ್ಕೆ ಕಾಣುವಷ್ಟು ಸುಲಭದ್ದಲ್ಲ.

ಇಂಗ್ಲಿಷಿಗೂ ಒಂದು ಕಾಲಕ್ಕೆ ಈ ದಾರಿ ಗೊತ್ತಿತ್ತು. ಶೇಕ್ಸ್‌ಪಿಯರನ ಪಾತ್ರಗಳು ಆಡುವ ‘ಮಿಥಿಂಕ್ಸ್’ ಎಂಬ ಮಾತು ‘ನನಗೆ ಹೀಗೆ ತೋರುತ್ತದೆ’ ಎಂಬ ಹಳೆಯ ವಾಕ್ಯದ ಉಳಿಕೆ. ಹಳೆಯ ಇಂಗ್ಲಿಷಿನಲ್ಲಿ ಮೆಚ್ಚಿಗೆಯೂ ಮನುಷ್ಯನಿಗೆ ಆಗುತ್ತಿತ್ತೇ ಹೊರತು ಮನುಷ್ಯ ಮೆಚ್ಚುತ್ತಿರಲಿಲ್ಲ. ಕಾಲಕ್ರಮದಲ್ಲಿ ಅಲ್ಲಿ ಎಲ್ಲವೂ ‘ಐ’ ಆಯಿತು: ಐ ಥಿಂಕ್, ಐ ಲೈಕ್, ಐ ಆಮ್ ಅಪ್‌ಸೆಟ್.

ಕನ್ನಡದಲ್ಲಿ ಪ್ರಥಮಾ ವಿಭಕ್ತಿಯ ದಾರಿ ಇಲ್ಲವೆಂದಲ್ಲ. ನಾನು ನೊಂದೆ, ಅವಳು ಮುನಿದಳು, ಅಪ್ಪ ರೇಗಿದ. ‘ಬೇಸರವಾಯಿತು’ ಎಂಬುದರ ಪಕ್ಕದಲ್ಲೇ ‘ಬೇಸತ್ತೆ’ ಇದೆ, ಫೆಡಪ್ ಎಂಬುದಕ್ಕೆ ಅದಕ್ಕಿಂತ ಸಮನಾದ ಮಾತು ಇನ್ನೊಂದಿಲ್ಲ. ಆದರೆ ಹೊರಗಿನಿಂದ ಬಂದ ಭಾವನೆಯ ಪದಗಳನ್ನು ಕನ್ನಡ ಯಾವ ಸಾಲಿನಲ್ಲಿ ಕೂರಿಸುತ್ತದೆ ಎಂಬುದನ್ನು ಗಮನಿಸಿದರೆ ಒಂದು ಚಿತ್ರ ಕಾಣುತ್ತದೆ. ಎಲ್ಲರ ಬಾಯಲ್ಲೂ ಇರುವ ‘ಬೇಜಾರು’ ಪಾರ್ಸಿಯಿಂದ ಬಂದದ್ದು. ಉರ್ದುವಿನಲ್ಲಿ ಮನುಷ್ಯನೇ ಬದುಕಿನಿಂದ ‘ಬೇಜಾರ್’ ಆಗಿರುತ್ತಾನೆ, ಅಲ್ಲಿ ಅವನು ಕರ್ತೃ. ಕನ್ನಡಕ್ಕೆ ಬಂದ ಮೇಲೆ ಅದು ‘ನನಗೆ ಬೇಜಾರಾಗಿದೆ’ ಎಂದು ನೆಲದ ನಡೆ ಕಲಿಯಿತು. ಈಗ ಅದು ಪರದೇಶದ್ದು ಎಂದರೆ ಹಳ್ಳಿಯ ಅಜ್ಜಿ ನಂಬುವುದಿಲ್ಲ. ಇಂಗ್ಲಿಷಿನ ‘ಬೋರ್’ ಕೂಡ ಬೇಗ ಪಳಗಿತು. ‘ನಂಗೆ ಬೋರಾಗ್ತಿದೆ’ ಎನ್ನದ ಮಕ್ಕಳಿಲ್ಲ. ‘ಅಮ್ಮಂಗೆ ಟೆನ್ಷನ್ ಆಗಿದೆ’ ಎಂಬುದೂ ಅಷ್ಟೇ ಸಹಜ.

ಅಪ್‌ಸೆಟ್ ಮಾತ್ರ ಹಟ ಹಿಡಿದಿದೆ. ‘ಅವಳು ಅಪ್‌ಸೆಟ್ ಆಗಿದಾಳೆ’, ‘ನಾನು ಅಪ್‌ಸೆಟ್ ಆಗಿದೀನಿ’, ‘ಅವನನ್ನ ಅಪ್‌ಸೆಟ್ ಮಾಡ್ಬೇಡ’. ಆಗು, ಮಾಡು ಎಂಬ ಎರಡು ಕ್ರಿಯಾಪದಗಳು ಇಂಗ್ಲಿಷಿನಿಂದ ಬಂದ ಯಾವ ಪದವನ್ನಾದರೂ ಹೊತ್ತು ತರಬಲ್ಲವು. ನೂರು ವರ್ಷದ ಹಿಂದೆಯೇ ಕೈಲಾಸಂ ನಾಟಕಗಳ ಮಂದಿ ಇಂಗ್ಲಿಷ್ ಬೆರೆತ ಕನ್ನಡವನ್ನು ರಂಗದ ಮೇಲೆ ಲೀಲಾಜಾಲವಾಗಿ ಆಡಿದ್ದಾರೆ. ಹಾಗೆ ಬಂದರೂ ಅಪ್‌ಸೆಟ್ ತನ್ನ ಇಂಗ್ಲಿಷ್ ವ್ಯಾಕರಣವನ್ನು ಬಿಟ್ಟುಕೊಟ್ಟಿಲ್ಲ. ಕಾರಣ ಸರಳ: ಬೋರ್, ಟೆನ್ಷನ್ ಎಂಬವನ್ನು ಕನ್ನಡಿಗರು ಕೋಪ, ಬೇಸರಗಳ ಹಾಗೆ ಹೆಸರಿನ ಪದಗಳಾಗಿ ಬಳಸಿಕೊಂಡರು, ಅಪ್‌ಸೆಟ್ ಇನ್ನೂ ಮನುಷ್ಯನ ಸ್ಥಿತಿಯನ್ನು ಹೇಳುವ ವಿಶೇಷಣವಾಗಿಯೇ ಉಳಿದಿದೆ. ಹಾಗಾಗಿ ನಗರದ ಕನ್ನಡದಲ್ಲಿ ಒಂದೇ ಮನೆಯೊಳಗೆ ಎರಡು ಬಗೆಯ ನೋವುಗಳು ವಾಸಿಸುತ್ತಿವೆ. ಅಮ್ಮನಿಗೆ ಬೇಜಾರಾಗುತ್ತದೆ, ಮಗಳು ಅಪ್‌ಸೆಟ್ ಆಗುತ್ತಾಳೆ. ಮೊದಲನೆಯದಕ್ಕೆ ಗಂಡನೋ ವಿಧಿಯೋ ಅಡುಗೆ ಅನಿಲದ ಬೆಲೆಯೋ ಹೊಣೆ. ಎರಡನೆಯದನ್ನು ಮಗಳು ತನ್ನದೇ ಎಂದು ಹೊತ್ತುಕೊಂಡು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ವ್ಯಾಕರಣವೇ ಸ್ವಭಾವವನ್ನು ರೂಪಿಸುತ್ತದೆ ಎಂದು ಇದರಿಂದ ಸಾಧಿಸಲು ಹೊರಡುವುದು ಅತಿಯಾದೀತು. ಆದರೂ ಎರಡು ವಾಕ್ಯಗಳ ದನಿ ಒಂದೇ ಅಲ್ಲವೆಂಬುದನ್ನು ಎರಡನ್ನೂ ಗಟ್ಟಿಯಾಗಿ ಹೇಳಿ ನೋಡಿದವರು ಅಲ್ಲಗಳೆಯಲಾರರು.

ಶಾಲೆಗಳಲ್ಲಿ ‘ಅಪ್‌ಸೆಟ್: ಬೇಸರಗೊಂಡ, ಕಳವಳಗೊಂಡ’ ಎಂದು ಕರಿಹಲಗೆಯ ಮೇಲೆ ಬರೆಸಿ ಮುಂದಿನ ಪದಕ್ಕೆ ಹೋಗುವ ರೂಢಿ ಈಗಲೂ ಇದೆ. ಅದರಿಂದ ಮಕ್ಕಳ ಕೈಗೆ ಸಿಗುವುದು ಅರೆಪಾಠ. ಇಂಗ್ಲಿಷ್ ಮೇಷ್ಟರುಗಳು ಪದವನ್ನು ಬಿಡಿಯಾಗಿ ಕೊಡುವ ಬದಲು ನಾಲ್ಕು ವಾಕ್ಯಗಳಲ್ಲಿಟ್ಟು ಕೊಡಲಿ: ತಮ್ಮನ ಜೊತೆ ಒಂದು, ಪರೀಕ್ಷೆಯ ಫಲಿತಾಂಶದ ಬಗ್ಗೆ ಒಂದು, ಹೊಟ್ಟೆಯದೊಂದು, ಕ್ರಿಕೆಟ್ಟಿನದೊಂದು. ಪ್ರತಿಯೊಂದರ ಎದುರಿಗೆ ಮಕ್ಕಳು ಮನೆಯಲ್ಲಿ ಆಡುವ ಕನ್ನಡದ ವಾಕ್ಯವನ್ನು ಮಕ್ಕಳಿಂದಲೇ ಹೇಳಿಸಲಿ. ‘ನಾನು’ ಎಲ್ಲಿ ‘ನನಗೆ’ ಆಗುತ್ತದೆ ಎಂಬುದನ್ನು ಅವರೇ ಹುಡುಕಿಕೊಳ್ಳಲಿ. ಕೇಳುಗರು ತಮ್ಮ ಕಡೆಯಿಂದ ಮಾಡಬಹುದಾದ ಕೆಲಸ ಇನ್ನೂ ಹಗುರದ್ದು. ‘ನನಗೆ ಅಪ್‌ಸೆಟ್ ಆಯ್ತು’ ಎಂದು ಯಾರಾದರೂ ಸಲೀಸಾಗಿ ಹೇಳಿದ್ದು ಕಿವಿಗೆ ಬಿದ್ದರೆ ತಪ್ಪೆಂದು ತಿದ್ದಲು ಹೋಗದಿರಿ. ಬೇಜಾರು ಹಿಡಿದ ದಾರಿಯನ್ನೇ ಅದೂ ಹಿಡಿದಿದೆ ಎಂದು ತಿಳಿಯಿರಿ.